ಬೈರಾಸಿನ ಅಡಿಯಲ್ಲಿ

ಮೊನ್ನೆಯ ಸಿಡಿಲಿಗೆ ಸತ್ತ ಹಳೆಯ ರೌಟರನ್ನು ಬಿಚ್ಚಿದರೆ
ಒಳಗೆ ಹಲ್ಲಿಯ ಎರಡು ಮೊಟ್ಟೆ,
ಪೋರ್ಟಿನ ಹಲ್ಲುಗಳಿಗೆಲ್ಲ ಹಸಿರು ಕಿಲುಬು.
ಬಂದರಿನ ಗಾಳಿ ಯಾರ ಗ್ಯಾರಂಟಿಯನ್ನೂ ಓದುವುದಿಲ್ಲ.

ಹೊಸದನ್ನು ಮೊಳೆಗೆ ತೂಗಿಸಿದೆ,
ಒಣ ನಂಗ್ ತುಂಬಿದ ಮೂಟೆಗಳ ಮೇಲೆ.
ದೀಪ ಕಣ್ಣು ಮಿಟುಕಿಸಿತು.
"ಇದಕ್ಕೆ ಎಂತ ಕೆಲಸ ಮಾರಾಯ್ತಿ?"
ಕೇಳಿದರು ಆದಂಕುಂಞಿ ಸಾಹುಕಾರ್ರು,
ಎಪ್ಪತ್ತೆಂಟರ ಪ್ರಾಯ, ತೊಡೆಯ ಮೇಲೆ ಮಡಚಿದ ಬೈರಾಸು.

ಕಾವಲು, ಎಂದೆ.
ರಾತ್ರಿ ಎರಡಕ್ಕೆ ಹೆಸರಿಲ್ಲದವರು ಬಂದು
ಇಪ್ಪತ್ತಮೂರನೇ ಬಾಗಿಲು ತಟ್ಟುತ್ತಾರೆ,
ಇಪ್ಪತ್ತೆರಡನ್ನೂ ತಟ್ಟುತ್ತಾರೆ.
ಕದಿಯಲಿಕ್ಕೆಂದೇ ಅಲ್ಲ, ತಟ್ಟುವುದೇ ಅವರ ಉದ್ಯೋಗ.
ಇದರ ಹತ್ತಿರ ಒಂದು ಪಟ್ಟಿ ಉಂಟು:
ಮಲ್ಪೆಯ ಗೋದಾಮಿಗೆ ಬಿಡು, ಬ್ಯಾಂಕಿಗೆ ಬಿಡು,
ಲೆಕ್ಕದ ಲವೀನಾ ಬಾಯಿಗೆ ಸಂಜೆ ಏಳರವರೆಗೆ ಬಿಡು.
ಕೊನೆಗೆ, ಯಾರೂ ಬರೆಯದೆಯೂ ಇರುವ ಒಂದು ಸಾಲು:
ಉಳಿದವರು ಯಾರೇ ಆಗಲಿ, ಬೇಡ.

ಹಳೆಯದರಲ್ಲಿ ಪಾಸ್‌ವರ್ಡೇ ಬದಲಾಗಿರಲಿಲ್ಲ,
ಕಂಪೆನಿ ಕೊಟ್ಟದ್ದೇ, ಹನ್ನೊಂದು ವರ್ಷ.
ಬೀಗ ಹಾಕಿ ಕೀಯನ್ನು ಬೀಗಕ್ಕೇ ಕಟ್ಟಿದ ಹಾಗೆ.
ಸಾಹುಕಾರ್ರು ನಕ್ಕರು:
"ಕದಿಯಲಿಕ್ಕೆ ಇಲ್ಲಿ ಎಂತ ಉಂಟು, ನಾತ ಬಿಟ್ಟರೆ?"

ಮತ್ತೆ?
ಮತ್ತೆ, ಒಣಗಿಸುತ್ತದೆ.
ಮಲ್ಪೆಗೆ ಹೋಗುವ ಲೈನು ಸಪೂರ.
"ಆದಂಕುಂಞಿ ಮತ್ತು ಕಾಂಚನ್, ಒಣಮೀನು ವ್ಯಾಪಾರಿಗಳು, ಬಂದರು, ಮಂಗಳೂರು"
ದಿನಕ್ಕೆ ನೂರು ಬಿಲ್ಲಿನ ತಲೆಯಲ್ಲಿ ನೂರು ಸಲ.
ಇದು ಒಮ್ಮೆ ಪೂರ್ತಿ ಕಳಿಸಿ
ಆಮೇಲೆ ಬರೀ ಬೆರಳು ತೋರಿಸುತ್ತದೆ: ಆಗ ಹೇಳಿದ್ದೇ.
ಆಚೆಯದು ಬಿಡಿಸಿ ಹರಡುತ್ತದೆ, ಒಂದಕ್ಷರ ತಪ್ಪದೆ.

"ನೀರಲ್ಲಿ ನೆನೆಸಿದ ಹಾಗೆ?"
ನೆನೆಸಿದ ಒಣಮೀನು ಮತ್ತೆ ಹಸಿಮೀನು ಆಗುವುದಿಲ್ಲವಲ್ಲ.
ಇದು ಆಗುತ್ತದೆ.
ಅವರು ನಂಬಲಿಲ್ಲ. ಅರವತ್ತು ವರ್ಷ ಮೀನು ನೋಡಿದವರು.

ಮೊದಲು ಹಿಂಡಬೇಕು, ಆಮೇಲೆ ಮುಚ್ಚಬೇಕು, ಎಂದೆ.
ಗುಟ್ಟು ಮಾಡಿದ ಮೇಲೆ ಯಾವುದೂ ಕುಗ್ಗುವುದಿಲ್ಲ.
ಗುಟ್ಟಿನೊಳಗೆ ಒಂದು ಮಾತೂ
ಎರಡನೇ ಸಲ ಬಂದಂತೆ ಕಾಣುವುದಿಲ್ಲ.

ಆಗ ಅವರು ಬೈರಾಸು ಬಿಡಿಸಿದರು.
ಎಡಗೈ ಬಲಗೈ ಎರಡನ್ನೂ ಅದರಡಿ ಇಟ್ಟು
ತಾವೇ ಮಾರಿದರು, ತಾವೇ ಕೊಂಡರು.
ಎಡಗೈ ದೂಮಪ್ಪ ಕಾಂಚನ್.
ಕಿರುಬೆರಳ ಗಿಣ್ಣು ಒತ್ತಿದರೆ ಇಷ್ಟು,
ಮೂರು ಬೆರಳು ಕೂಡಿಸಿ ಹಿಡಿದರೆ ಅಷ್ಟು.
ಸುತ್ತ ಹದಿನೈದು ಮಂದಿ ಕುತ್ತಿಗೆ ಚಾಚಿ ನಿಂತರೂ
ಕಂಡದ್ದು ಬಟ್ಟೆ, ಅದರ ಅಲುಗಾಟ.

"ಒಂದು ದಿವಸ ವ್ಯಾಪಾರ ಮುಗಿದ ಮೇಲೆ
ಹೆಬ್ಬೆರಳು ಹಿಡಿದ. ಬಿಡಲಿಲ್ಲ.
ಹೆಬ್ಬೆರಳಿಗೆ ನಮ್ಮಲ್ಲಿ ರೇಟೇ ಇರಲಿಲ್ಲ.
ಎಂತ ಎಂದೆ. ಎಂತದೂ ಇಲ್ಲ ಎಂದ.
ಬೇಸ್ತವಾರ ವೆನ್‌ಲಾಕಿನಲ್ಲಿ ಹೋಗಿಯಾಗಿತ್ತು."

ಎರಡೂ ಕಡೆ ಒಂದೇ ನಿಘಂಟು ಇರಬೇಕು,
ಇಲ್ಲವಾದರೆ ಬಿಡಿಸಲಿಕ್ಕಾಗದು
ಎಂದು ಹೇಳಲು ಬಾಯಿ ತೆರೆದವಳು
ವಯರನ್ನು ಗೋಡೆಗೆ ಒತ್ತಿ ಕ್ಲಿಪ್ಪು ಹೊಡೆದೆ.
ಬೈರಾಸಿನಡಿ ಎಡಗೈ ಇನ್ನೂ ಬಲ ಹೆಬ್ಬೆರಳನ್ನು ಹಿಡಿದೇ ಇತ್ತು.

ಮಲ್ಪೆಯನ್ನು ಕರೆದೆ. ಅದು ಓಗೊಟ್ಟಿತು,
ನಲವತ್ತು ಮಿಲಿಸೆಕೆಂಡು.
ಹೊಸ ಪಾಸ್‌ವರ್ಡು ನೀವೇ ಒತ್ತಿ, ಎಂದು ಮೂಟೆಗಳ ಕಡೆ ತಿರುಗಿದೆ.
"ಮರೆತರೆ?"
ಮರೆತರೆ ಎಲ್ಲ ಅಳಿಸಿ ಮೊದಲಿಂದ.
ಒಂದೊಂದೇ ಕೀಲಿ, ಬಹಳ ಹೊತ್ತು.
ತಿರುಗಿದಾಗ ಪರದೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು,
ಒಬ್ಬರ ಹೆಸರಿಗೆ ತುಸು ಉದ್ದವೇ ಆಯಿತು.

ಸರ್ವಿಸ್ ಚಾರ್ಜಿನ ಜೊತೆ
ಕಾಲು ಕಿಲೊ ನಂಗ್ ಪೇಪರಿನಲ್ಲಿ ಕಟ್ಟಿ ಕೊಟ್ಟರು.
ಪೇಪರು, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ನನ್ನ ಲ್ಯಾಪ್‌ಟಾಪಿನ ಚೀಲ, ಜಿಪ್ಪು.
ಸ್ಟೇಟ್ ಬ್ಯಾಂಕಿನಿಂದ ಹೊರಟ ಬಸ್ಸು ಹಂಪನಕಟ್ಟೆ ದಾಟುವುದರೊಳಗೆ
ಡ್ರೈವರಿನಿಂದ ಹಿಡಿದು ಹಿಂದಿನ ಸೀಟಿನವರೆಗೆ
ಎಲ್ಲರಿಗೂ ಗೊತ್ತಾಗಿತ್ತು ಒಳಗೇನಿದೆಯೆಂದು.